ಭತ್ತದ ರೋಗಗಳ ಕಪಾಟು

ಸಂಜೆ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಸಿಂಧನೂರಿನ ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯದಲ್ಲಿ ಫ್ಯಾನುಗಳು ಒಂದೊಂದಾಗಿ ನಿಲ್ಲತೊಡಗಿದ್ದವು. ಮೌನೇಶ್ವರಿ ಓದುತ್ತಿದ್ದ ಪುಸ್ತಕವನ್ನು ಮುಚ್ಚಿ ಎದ್ದಳು. ಇತಿಹಾಸದ ಕಪಾಟಿನ ಕಡೆಗೆ ಹೋಗದೆ ಮೂಲೆಯಲ್ಲಿದ್ದ ಕೃಷಿಯ ಕಪಾಟಿಗೆ ಹೋದಳು. ಅಲ್ಲಿ ಭತ್ತದ ರೋಗಗಳ ಬಗ್ಗೆ ನಾಲ್ಕು ದಪ್ಪ ಪುಸ್ತಕಗಳಿದ್ದವು. ಅವುಗಳ ಹಿಂದೆ ತನ್ನ ಪುಸ್ತಕವನ್ನು ತಳ್ಳಿ, ದುಪಟ್ಟಾ ಸರಿಮಾಡಿಕೊಂಡು, ಏನೂ ಅರಿಯದವಳಂತೆ ಹೊರಬಂದಳು.

ಈ ಕೇಂದ್ರದಲ್ಲಿ ಕೃಷಿ ಓದುವವರು ಯಾರೂ ಇರಲಿಲ್ಲ. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದ ಪುಸ್ತಕಗಳು ಹಾಗೇ ಧೂಳು ತಿನ್ನುತ್ತಿದ್ದವು. ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು! ಮೊದಲ ಸೆಮಿಸ್ಟರಿನಲ್ಲಿ ಮೌನೇಶ್ವರಿಗೂ ಯಾರೋ ಹೀಗೇ ಮಾಡಿದ್ದರು. ಒಂದು ಪುಸ್ತಕಕ್ಕಾಗಿ ವಾರವಿಡೀ ಹುಡುಕಿ ಅತ್ತಿದ್ದಳು. ಆಮೇಲೆ ತಾನೂ ಆ ವಿದ್ಯೆ ಕಲಿತಳು. ಕದ್ದಿಲ್ಲವಲ್ಲ, ಪುಸ್ತಕ ಗ್ರಂಥಾಲಯದಲ್ಲೇ ಇದೆಯಲ್ಲ ಎಂದು ಸಮಾಧಾನವನ್ನೂ ಹೇಳಿಕೊಂಡಳು. ತಮ್ಮ ತಪ್ಪಿಗೆ ತಾವೇ ವಕೀಲರಾದರೆ ಕೇಸು ಗೆಲ್ಲುವುದು ಏನು ಕಷ್ಟ?

ಅವಳ ಕಷ್ಟವೂ ಸುಳ್ಳಲ್ಲ. ಅಪ್ಪ ಅವ್ವ ಇಬ್ಬರೂ ಪಾಮನಕಲ್ಲೂರಿನಲ್ಲಿ ಕೂಲಿಗೆ ಹೋಗುವವರು. ಬೆಳಿಗ್ಗೆ ಮಸ್ಕಿಗೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಸಿಂಧನೂರು ಸೇರುವಷ್ಟರಲ್ಲಿ ಹನ್ನೊಂದು. ತರಗತಿಗಳು ಮುಗಿದ ಮೇಲೆ ಓದಲು ಸಿಗುತ್ತಿದ್ದುದು ಒಂದೇ ತಾಸು. ಒಂದೇ ಪ್ರತಿಯಿದ್ದ, ಕೆಂಪು ಪಟ್ಟಿ ಅಂಟಿಸಿದ ಪುಸ್ತಕಗಳನ್ನು ಮನೆಗೆ ಕೊಡುತ್ತಿರಲಿಲ್ಲ. ಆ ಒಂದು ತಾಸಿನಲ್ಲಿ ಪುಸ್ತಕ ಬೇರೆಯವರ ಕೈಯಲ್ಲಿದ್ದರೆ ಅವಳ ದಿನ ಹೋದಂತೆಯೇ.

ಈ ಸಲ ಬಚ್ಚಿಟ್ಟದ್ದು ತುಂಗಭದ್ರೆಯ ಎಡದಂಡೆ ನಾಲೆ ಬಂದ ಮೇಲೆ ಸುತ್ತಿನ ಹಳ್ಳಿಗಳು ಬದಲಾದ ಬಗೆಯ ಕುರಿತ ಹಳೆಯ ಪುಸ್ತಕ. ಇದ್ದದ್ದು ಒಂದೇ ಪ್ರತಿ. ಅದೇ ಪುಸ್ತಕ ದಢೇಸುಗೂರಿನ ಮಮತಾಳಿಗೂ ಬೇಕಾಗಿತ್ತು. ಒಂದೇ ಬೆಂಚಿನ ಗೆಳತಿ, ಒಂದೇ ಬುತ್ತಿಯಲ್ಲಿ ರೊಟ್ಟಿ ತಿಂದವಳು.

"ನಮ್ಮಜ್ಜಿ ನಾಲಿ ತೋಡೋ ಮುಂದ ಮಣ್ಣು ಹೊತ್ತಾಕಿ. ಆಕಿ ಹೇಳಿದ್ದೆಲ್ಲಾ ಒಂದು ಅಧ್ಯಾಯ ಬರದೀನಿ. ಬರೇ ಅಜ್ಜಿ ಮಾತು ನಡೆಯಂಗಿಲ್ಲ, ಪುಸ್ತಕದ ಆಧಾರ ಬೇಕು ಅಂತಾರ ಸರ್. ಆ ಪುಸ್ತಕ ನೋಡಿಯೇನ ನೀ?" ಎಂದು ಮಮತಾ ಕೇಳಿದಾಗ ಮೌನೇಶ್ವರಿ ರೊಟ್ಟಿ ಮುರಿಯುತ್ತಲೇ ಹೇಳಿದಳು.

"ನಾ ಎಲ್ಲಿ ನೋಡ್ಲಿ? ಯಾರ ಒಯ್ದಾರೋ ಏನೋ."

ಕಿರುಪ್ರಬಂಧ ಕೊಡಲು ಮೂರು ವಾರ ಉಳಿದಿತ್ತು. ಮಮತಾ ಎಂಟು ದಿನ ಹುಡುಕಿ, ಗ್ರಂಥಾಲಯದ ಅಟೆಂಡರ್‌ನಿಂದಲೂ ಹುಡುಕಿಸಿ, ಕೊನೆಗೆ ಅಜ್ಜಿಯ ಅಧ್ಯಾಯವನ್ನೇ ಕಿತ್ತಿಟ್ಟಳು. ಆ ಹಾಳೆಗಳನ್ನು ಕಿತ್ತಿಡುವಾಗ ಮೌನೇಶ್ವರಿ ಪಕ್ಕದಲ್ಲೇ ಕೂತಿದ್ದಳು. ಆದರೂ ತನ್ನ ಟಿಪ್ಪಣಿ ಮುಗಿದ ಮೇಲೆ ಪುಸ್ತಕವನ್ನು ಜಾಗಕ್ಕೆ ಇಟ್ಟರಾಯಿತು ಎಂದುಕೊಂಡಳು.

ನಡುವೆ ಜ್ವರ ಬಂದು ಐದು ದಿನ ಮನೆಯಲ್ಲೇ ಉಳಿದಳು. ಶುಕ್ರವಾರ ಬಂದು ನೋಡಿದರೆ ಮೂಲೆ ಖಾಲಿ. ಕಪಾಟಿನ ನಾಲ್ಕು ಕಾಲುಗಳ ಗುರುತು ಮಾತ್ರ ನೆಲದ ಮೇಲೆ ಬೆಳ್ಳಗೆ ಉಳಿದಿತ್ತು.

ಕೌಂಟರಿನಲ್ಲಿ ಮಾತು ನಡೆದಿತ್ತು. ಗ್ರಂಥಾಲಯ ಸಹಾಯಕಿ ಮೇಡಂ ತಗ್ಗಿದ ದನಿಯಲ್ಲಿ ಅಟೆಂಡರ್‌ಗೆ ಹೇಳುತ್ತಿದ್ದರು: "ಸೋಮವಾರ ಪುಸ್ತಕ ಎಣಸಾಕ ಬರ್ತಾರ. ನಾಲಿ ಪುಸ್ತಕ ಸಿಗಲಿಲ್ಲಂದ್ರ ನಿನ್ನ ಮ್ಯಾಲೇ ಬರ್ತದ. ಹೊರಗುತ್ತಿಗೆಯವ ನೀ. ಮುಂದಿನ ವರ್ಷದ ಪಟ್ಟಿಯಾಗ ನಿನ್ನ ಹೆಸರು ಇರಂಗಿಲ್ಲ. ನಾ ಎಷ್ಟು ಹೇಳಿದ್ರೂ ಕೇಳಂಗಿಲ್ಲ ಅವರು."

"ಎಲ್ಲಾ ಕಡಿ ನೋಡೀನ್ರಿ ಮೇಡಂ," ಎಂದ ಅವನು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೌನೇಶ್ವರಿ ಬ್ಯಾಗನ್ನು ಎದೆಗವಚಿಕೊಂಡು ಕೇಳಿದಳು, "ಆ ಮೂಲಿಯಾಗಿನ ಪುಸ್ತಕ ಎಲ್ಲಿ ಹೋಗ್ಯಾವ್ರಿ?"

ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಕೃಷಿ ಡಿಪ್ಲೊಮಾ ಸುರುವಾಗಿದೆಯಂತೆ. ಕೂಲಿಯವರು ಬಂದು ಇಡೀ ಕಪಾಟನ್ನೇ ಗಂಟು ಕಟ್ಟಿ ಟೆಂಪೋದಲ್ಲಿ ಹೇರಿಕೊಂಡು ಹೋಗಿದ್ದರು.

ಯಾರಿಗೂ ಗೊತ್ತಾಗದಂತೆ ತಂದು ಇಟ್ಟುಬಿಡಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಶನಿವಾರ ಬೆಳಿಗ್ಗೆ ಲಿಂಗಸುಗೂರಿಗೆ ಹೋದಳು. ಕಾಲೇಜಿನ ಗ್ರಂಥಾಲಯದಲ್ಲಿ ಹುಸೇನ್‌ಸಾಬ್ ಎಂಬ ವಯಸ್ಸಾದ ನೌಕರರು ಚಹಾ ಕುಡಿಯುತ್ತ ಕೂತಿದ್ದರು. ಹಿಂದೆಯೇ ಗಂಟುಗಳು ಬಿಚ್ಚದೆ ಬಿದ್ದಿದ್ದವು.

"ಸಿಂಧನೂರಿಂದ ಬಂದೀನ್ರಿ. ನಮ್ಮದೊಂದು ಪುಸ್ತಕ ತಪ್ಪಿ ಇದರಾಗ ಬಂದದ."

"ಬಂದಿರಬಹುದು ತಂಗಿ. ಆದ್ರ ಯಾರಿಗೆ ಬೇಕಾದವ್ರಿಗೆ ಗಂಟು ಬಿಚ್ಚಿ ಕೊಡಾಕ ಬರಂಗಿಲ್ಲ. ಅಲ್ಲಿ ಸ್ಟಾಫ್‌ನಾಗ ಯಾರು ಕಳಿಸ್ಯಾರ? ಹೆಸರು ಹೇಳು, ಈಗ ಫೋನ್ ಹಚ್ತೀನಿ."

ಮೌನೇಶ್ವರಿ ಬಾಯಿ ತೆರೆದಳು. ಎರಡು ವರ್ಷ ಸಿಂಧನೂರಿನ ಆ ಕೌಂಟರಿನ ಮುಂದೆ ನಿಂತಿದ್ದಳು. ಚೀಟಿ ಕೊಟ್ಟಿದ್ದಳು, ಪುಸ್ತಕ ಇಸಿದುಕೊಂಡಿದ್ದಳು. ಮಳೆಯ ದಿನ ಅಲ್ಲಿನ ಅಟೆಂಡರ್ ಅವಳ ಒದ್ದೆ ಪುಸ್ತಕವನ್ನು ಫ್ಯಾನಿನ ಕೆಳಗೆ ಒಣಗಿಸಿ ಕೊಟ್ಟಿದ್ದ. ಹೆಸರು ಮಾತ್ರ ಗೊತ್ತಿರಲಿಲ್ಲ.

"ಅಟೆಂಡರ್ ಅದಾರಲ್ರೀ, ಅವರು..."

"ಅಟೆಂಡರ್ ಅನ್ನೋದು ಕೆಲಸ ತಂಗಿ, ಹೆಸರಲ್ಲ," ಎಂದರು ಹುಸೇನ್‌ಸಾಬ್. ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಬರಿಗೈಯಲ್ಲಿ ಬಸ್ಸು ಹತ್ತಿದಳು. ಮಸ್ಕಿ ಬಂತು. ಊರಿಗೆ ಹೋಗಲು ಅಲ್ಲಿ ಇಳಿಯಬೇಕು. ಇಳಿದರೆ ಮನೆ, ಅವ್ವನ ಕೈಯ ಅನ್ನ, ಸೋಮವಾರ ಏನಾದರೂ ಆಗಲಿ ಎಂಬ ಮೊಂಡು ಧೈರ್ಯ. ಕಂಡಕ್ಟರ್ ಎರಡು ಸಲ "ಮಸ್ಕಿ, ಮಸ್ಕಿ" ಎಂದು ಕೂಗಿದ. ಅವಳು ಏಳಲಿಲ್ಲ. ಬಸ್ಸು ಹೊರಟ ಮೇಲೆ ಸಿಂಧನೂರಿಗೆ ಟಿಕೆಟು ತೆಗೆಸಿದಳು.

ಗ್ರಂಥಾಲಯ ಹೆಚ್ಚುಕಡಿಮೆ ಖಾಲಿಯಿತ್ತು. ಅಟೆಂಡರ್ ನೆಲದ ಮೇಲೆ ಕೂತು ಕಪಾಟಿನ ಅಡಿಗೆ ಕೈಹಾಕಿ ತಡಕುತ್ತಿದ್ದ. ಇನ್ನೂ ಹುಡುಕುತ್ತಲೇ ಇದ್ದ.

"ಅಣ್ಣಾರ, ನಿಮ್ಮ ಹೆಸರೇನ್ರಿ?"

ಅವನು ಮೇಲೆ ನೋಡಿದ. "ತಾಯಪ್ಪ ಅಂತಾರವ್ವಾ. ಯಾಕ?"

ಅವಳು ನಿಂತಲ್ಲೇ ಎಲ್ಲ ಹೇಳಿದಳು. ಭತ್ತದ ಪುಸ್ತಕಗಳು, ಜ್ವರ, ಲಿಂಗಸುಗೂರು, ಮಮತಾಳಿಗೆ ಹೇಳಿದ ಸುಳ್ಳು. ಕೌಂಟರಿನ ಮೇಡಂ ಎದ್ದು ಬಂದು ಪಕ್ಕದಲ್ಲಿ ನಿಂತದ್ದೂ ಅವಳಿಗೆ ತಿಳಿಯಲಿಲ್ಲ.

ತಾಯಪ್ಪ ಕೈಯ ಧೂಳು ಕೊಡವಿಕೊಂಡು ಸ್ಟೂಲಿನ ಮೇಲೆ ಕೂತ. "ಮನ್ಯಾಗ ನನ್ನ ಹೆಂಡ್ತಿನೇ ಕೇಳಿದ್ಲವ್ವಾ, ಕುಡದು ಎಲ್ಲೆರ ಒಗದು ಬಂದಿಯೇನು ಅಂತ. ಕುಡಿಯೋದು ಬಿಟ್ಟು ಆರು ವರ್ಷ ಆತು. ಒಂದು ಪುಸ್ತಕ ಹೋಗಿದ್ದಕ್ಕ ಆರು ವರ್ಷದ ನಂಬಿಕಿ ಹೋತು."

ಮೌನೇಶ್ವರಿಗೆ ಅಳು ತಡೆಯಲಾಗಲಿಲ್ಲ. "ನನಗ ಇರೋದು ಒಂದೇ ತಾಸು ಅಣ್ಣಾರ. ಐದೂವರಿ ಬಸ್ಸು ತಪ್ಪಿದ್ರ ಮಸ್ಕಿಯಿಂದ ಮುಂದಕ ಗಾಡಿ ಇಲ್ಲ. ಅದಕ್ಕ ಹಂಗ ಮಾಡಿದೆ."

"ಅದನ್ನ ನಮ್ಮ ಮುಂದ ಒಂದಿನಾರ ಅಂದಿಯೇನು?" ಮೇಡಂ ಕೇಳಿದರು. ಅವರ ಹೆಸರು ಖಾತೂನ್‌ಬೀ ಎಂಬುದು ಮೇಜಿನ ಮೇಲಿನ ಫಲಕದಲ್ಲೇ ಬರೆದಿತ್ತು. ಮೌನೇಶ್ವರಿ ಎಂದೂ ಓದಿರಲಿಲ್ಲ. "ಬಾಯಿದ್ದವ ಬರಗಾಲದಾಗೂ ಬದುಕಿದ ಅಂತಾರ. ನೀವು ಕಾಲೇಜು ಕಲ್ತವ್ರು, ಬಾಯೇ ಬಿಡಂಗಿಲ್ಲ. ಬಾ ಇಲ್ಲಿ."

ಕಂಪ್ಯೂಟರಿನಲ್ಲಿ ಅವರು ನಾಲ್ಕು ಅಕ್ಷರ ಒತ್ತಿದರು. ಹಳೆಯ ಪುಸ್ತಕಗಳನ್ನು ಯಾರು ಬೇಕಾದರೂ ಪುಕ್ಕಟೆ ಓದಲು ಇಟ್ಟ ಜಾಲತಾಣ ತೆರೆಯಿತು. ಪರದೆಯ ಮೇಲೆ ಅದೇ ನಾಲೆಯ ಪುಸ್ತಕ, ಅದೇ ಮಾಸಿದ ರಟ್ಟು. "ಫೋನಿನ್ಯಾಗ ಇಳಿಸ್ಕೊಂಡು ಬಸ್ಸಿನ್ಯಾಗ ಕುಂತು ಓದಬಹುದಿತ್ತು ನೀ. ಮಮತಾನೂ ಓದಬಹುದಿತ್ತು." ಆಮೇಲೆ ಶೋಧಗಂಗಾ ತೋರಿಸಿದರು. ದೇಶದ ಎಷ್ಟೋ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿದ್ದವು. ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದರು. ಇಂಥ ಹನ್ನೆರಡು ಜಾಲತಾಣಗಳ ಪಟ್ಟಿ. "ಮೂರು ವರ್ಷದ ಹಿಂದ ಬರದು ಗಾಜಿಗೆ ಅಂಟಿಸಿದ್ದೆ. ಎರಡೇ ದಿನಕ್ಕ ಅದರ ಮ್ಯಾಲ ಯಾರೋ ಕ್ರಿಕೆಟ್ ನೋಟೀಸು ಹಚ್ಚಿದ್ರು. ಯಾರೂ ಕೇಳಲಿಲ್ಲ, ನಾನೂ ಸುಮ್ಮನಾದೆ. ಅದು ನನ್ನ ತಪ್ಪು ಅನ್ನು."

ತಾಯಪ್ಪ ಅಷ್ಟರಲ್ಲಿ ಲಿಂಗಸುಗೂರಿಗೆ ಫೋನ್ ಹಚ್ಚಿದ್ದ. "ಹುಸೇನ್‌ಸಾಬ್, ನಾನ್ರೀ ತಾಯಪ್ಪ. ಬೆಳಿಗ್ಗಿ ಬಂದಿದ್ಲಲ್ಲ ಒಬ್ಬಾಕಿ, ನಮ್ಮ ಹುಡುಗಿನೇ ರೀ." ನಮ್ಮ ಹುಡುಗಿ ಎಂದದ್ದನ್ನು ಕೇಳಿ ಮೌನೇಶ್ವರಿ ಮುಖ ತಿರುಗಿಸಿಕೊಂಡಳು.

ಭಾನುವಾರ ತಾಯಪ್ಪ, ಮೌನೇಶ್ವರಿ ಇಬ್ಬರೂ ಲಿಂಗಸುಗೂರಿಗೆ ಹೋದಾಗ ಹುಸೇನ್‌ಸಾಬ್ ತಾವೇ ಬಂದು ಬಾಗಿಲು ತೆಗೆದರು. ಮೂರನೆಯ ಗಂಟಿನಲ್ಲಿ ಪುಸ್ತಕ ಸಿಕ್ಕಿತು. ಅಲ್ಲಿಗೇ ಮುಚ್ಚಿಬಿಡಬಹುದಿತ್ತು. "ಸಿಕ್ತಲ್ಲ, ಸಾಕು ಬಿಡವ್ವಾ," ಎಂದ ತಾಯಪ್ಪನೂ. ಆದರೆ ಇಷ್ಟು ದಿನ ಅವನ ಮೇಲೆ ಬಿದ್ದ ಅನುಮಾನ ಹಾಗೆ ಅಳಿಯುವಂಥದಲ್ಲ ಎಂದು ಮೌನೇಶ್ವರಿಗೆ ಅನಿಸಿತು. ಸೋಮವಾರ ಎಣಿಸಲು ಬಂದವರ ಮುಂದೆ ತಾನೇ ಬರೆದು ಸಹಿ ಮಾಡಿದ ಕಾಗದ ಇಟ್ಟಳು. ಸೆಮಿಸ್ಟರ್ ಮುಗಿಯುವವರೆಗೆ ಅವಳ ಕಾರ್ಡು ರದ್ದಾಯಿತು. ಒಳಗೆ ಕೂತು ಓದಲು ಮಾತ್ರ ಅಡ್ಡಿಯಿರಲಿಲ್ಲ. ಕಾಗದದ ಒಂದು ಪ್ರತಿಯನ್ನು ತಾಯಪ್ಪ ಕೇಳಿ ಇಸಿದುಕೊಂಡು, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಯಾರಿಗೆ ತೋರಿಸಲು ಎಂದು ಯಾರೂ ಕೇಳಲಿಲ್ಲ.

ಮಮತಾಳಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಎಲ್ಲ ಕೇಳಿ ಅವಳು ಒಂದೇ ಮಾತು ಅಂದಳು: "ನಮ್ಮಜ್ಜಿ ಅಧ್ಯಾಯ ಕಿತ್ತು ಹಾಕಿದ ದಿನ ನೀ ನನ್ನ ಬಾಜೂಕ ಕುಂತಿದ್ದಿ." ಮರುದಿನ ತರಗತಿಯಲ್ಲಿ ಬೇರೆ ಬೆಂಚಿನಲ್ಲಿ ಕೂತಳು.

ಮಂಗಳವಾರ ಮೌನೇಶ್ವರಿ ಖಾತೂನ್‌ಬೀ ಅವರ ಪಟ್ಟಿಯನ್ನು ದೊಡ್ಡ ಹಾಳೆಗೆ ದುಂಡಗೆ ಬರೆದು, ಕೃಷಿಯ ಕಪಾಟು ಇದ್ದ ಗೋಡೆಗೆ ಅಂಟಿಸಿದಳು. ತರಗತಿಯ ವಾಟ್ಸಾಪ್ ಗುಂಪಿಗೂ ಕಳಿಸಿದಳು. ಪಟ್ಟಿಯ ಕೊನೆಗೆ ಬರೆದಿದ್ದಳು: "ಇಲ್ಲಿ ಸಿಗದಿದ್ದರೆ ಖಾತೂನ್‌ಬೀ ಮೇಡಂ ಅವರನ್ನು ಅಥವಾ ತಾಯಪ್ಪ ಅವರನ್ನು ಕೇಳಿರಿ. ಹೇಳುತ್ತಾರೆ."

ಸಂಜೆ ನಾಲ್ಕಕ್ಕೆ ಮಮತಾ ಬಂದಳು. ಗೋಡೆಯ ಮುಂದೆ ನಿಂತು ಓದಿದಳು. ಕೌಂಟರಿಗೆ ಹೋಗಿ, "ತಾಯಪ್ಪಣ್ಣಾರ, ನಾಲಿ ಪುಸ್ತಕ ಕೊಡ್ತೀರೇನ್ರಿ? ಫೋನಿನ್ಯಾಗ ನಕಾಶಿ ಕಾಣವಲ್ವು," ಎಂದಳು. ಇಷ್ಟು ವರ್ಷ ಹಾಗೆ ಯಾರೂ ಕರೆದಿರಲಿಲ್ಲವೇನೋ, ತಾಯಪ್ಪ ಒಮ್ಮೆ ಹಿಂತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ.

ಮಮತಾ ಪುಸ್ತಕ ಹಿಡಿದು ಬಂದು ಮೌನೇಶ್ವರಿಯ ಎದುರಿಗೆ ಕೂತಳು. ಮುಖ ನೋಡಲಿಲ್ಲ. ಅಜ್ಜಿಯ ಅಧ್ಯಾಯದ ಹಾಳೆಗಳನ್ನು ಹರವಿಕೊಂಡು ಬರೆಯತೊಡಗಿದಳು. ತುಸು ಹೊತ್ತಿನ ಮೇಲೆ ತಲೆ ಎತ್ತದೆಯೇ ಪುಸ್ತಕವನ್ನು ಮೇಜಿನ ನಡುವಿಗೆ ಸರಿಸಿದಳು.

"ನಿನ್ನ ಬಸ್ಸಿಗೆ ಹೊತ್ತಾಗ್ತದ. ನಿನಗೇನು ಬೇಕು ನೋಡ್ಕೋ. ಮಾತು ಆಮ್ಯಾಲ."

ಐದಕ್ಕೆ ಹತ್ತು ನಿಮಿಷವಿದ್ದಾಗ ಫ್ಯಾನುಗಳು ನಿಲ್ಲತೊಡಗಿದವು. ಮೌನೇಶ್ವರಿ ಎದ್ದು, ಪುಸ್ತಕವನ್ನು ಇತಿಹಾಸದ ಕಪಾಟಿನಲ್ಲಿ ಅದರ ಜಾಗಕ್ಕೆ, ಹೆಸರು ಎಲ್ಲರಿಗೂ ಕಾಣುವಂತೆ ಇಟ್ಟು ಬಸ್ಸಿಗೆ ನಡೆದಳು.