ಮರದ ಚರ್ಚಿನ ಹಿಂಗೋಣೆ

ಹೊಲಗಳ ನಡುವಿನ ಆ ಮರದ ಚರ್ಚಿಗೆ ಇನ್ನೂರು ವರ್ಷ ದಾಟಿತ್ತು. ಅದರ ಬೆನ್ನಿಗೆ ಅಂಟಿಕೊಂಡಿದ್ದ ಒಂದೇ ಕೋಣೆಯಲ್ಲಿ, ಊರವರು 'ಬಡಗಿ ಸೊಸೆ' ಎಂದು ಕರೆಯುವ ಹೆಂಗಸು ಒಬ್ಬಳೇ ಇದ್ದಳು. ಗಂಡನಿಗೆ ಉಳಿ ಹಿಡಿಯಲು ಬರುತ್ತಿರಲಿಲ್ಲವಾದ್ದರಿಂದ ಮಾವ ತನ್ನ ಕಸುಬನ್ನೆಲ್ಲ ಸೊಸೆಗೇ ಧಾರೆಯೆರೆದಿದ್ದ. ಈಗ ಗಂಡನೂ ಇಲ್ಲ, ಮಾವನೂ ಇಲ್ಲ. ಕೋಣೆಗೆ ಕಿಟಕಿಯಿಲ್ಲದೆ ಹಾಡಹಗಲಲ್ಲೂ ದೀಪ ಹಚ್ಚಿಯೇ ಸೂಜಿಗೆ ದಾರ ಪೋಣಿಸಬೇಕು.

"ಬಂದುಬಿಡೇ, ಇಬ್ರೂ ಒಟ್ಟಿಗಿರೋಣ" ಎಂದು ಪೇಟೆಯ ಅಕ್ಕ ಕರೆಯುತ್ತಲೇ ಇದ್ದಳು. ಕೊನೆಗೂ ಹೊರಡಲು ಗಂಟು ಕಟ್ಟುತ್ತಿದ್ದಾಗ ಪರಂಪರೆ ಇಲಾಖೆಯ ಅಧಿಕಾರಿ ಬಂದ. ತೊಲೆಗಳನ್ನು ತಟ್ಟಿ ನೋಡಿ, "ಇದ್ರಲ್ಲಿ ಹಳೇದ್ಯಾವ್ದು, ಹೊಸದ್ಯಾವ್ದು?" ಎಂದ.

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಸುಬಿನ ಹೆಮ್ಮೆ ಬಿಡಬೇಕಲ್ಲ! ಮಾವ ಕೂರಿಸಿದ ತೊಲೆ, ತಾನು ಕೂಡಿಸಿದ ಹಲಗೆ, ಒಂದೂ ಮೊಳೆ ಹೊಡೆಯದೆ ಮರಕ್ಕೆ ಮರ ಕಚ್ಚಿಸುವ ಬಗೆ, ಎಲ್ಲವನ್ನೂ ತೋರಿಸಿದಳು. ಆತ ಪುಟಗಟ್ಟಲೆ ಬರೆದುಕೊಂಡು, ಆದೇಶ ಬರುವವರೆಗೆ ಇಲ್ಲೇ ಇರಿ ಎಂದು ಹೇಳಿ ಹೋದ.

ಮೂರು ತಿಂಗಳಿಗೆ ಆದೇಶ ಬಂತು. ಚರ್ಚು ಇನ್ನು ರಕ್ಷಿತ ಕಟ್ಟಡ. ಈ ಕಸುಬು ಬಲ್ಲವಳು ಅಲ್ಲೇ ವಾಸವಿದ್ದರಷ್ಟೇ ದುರಸ್ತಿಗೆ ನೆರವು. ಅನುಮತಿಯಿಲ್ಲದೆ ಒಂದು ಹಲಗೆಯನ್ನೂ ಮುಟ್ಟುವಂತಿಲ್ಲ.

"ನೀನು ಹೋದ್ರೆ ಎರಡು ಮಳೆಗೆ ಚರ್ಚಿನ ಛಾವಣಿ ಕುಸಿಯುತ್ತಮ್ಮ" ಎಂದು ಪಾದ್ರಿ ಅಂಗಲಾಚಿದರು.

"ನನ್ ಕೋಣೆಗೊಂದು ಕಿಟಕಿನಾದ್ರೂ ಇಟ್ಕೊಳ್ಲಾ?"

ಅರ್ಜಿ ಹೋಯಿತು. ಆಗುವುದಿಲ್ಲ ಎಂಬ ಉತ್ತರ ಬಂತು.

ಒಂದು ಬೆಳಿಗ್ಗೆ ಆಕೆ ಗರಗಸ ಹಿಡಿದು ಗೋಡೆಯನ್ನು ಮುಖದಗಲ ಕೊಯ್ದೇಬಿಟ್ಟಳು. ಬಿಸಿಲು ಮಂಚದ ಮೇಲೆ ಬಿತ್ತು. ಇಷ್ಟು ವರ್ಷ ಬರೀ ಸದ್ದಾಗಿದ್ದ ದಾರಿ ಕಣ್ಣಿಗೆ ಕಂಡಿತು. ಹನ್ನೊಂದು ದಿನ ಅಲ್ಲೇ ಕೂತು ಉಂಡಳು.

ಹನ್ನೆರಡನೆಯ ದಿನ ಅಧಿಕಾರಿ ಬಂದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆತ ಮೆಲ್ಲಗೆ, "ಇದು ಹೀಗೇ ಇದ್ರೆ ಚರ್ಚನ್ನ ರಕ್ಷಿತ ಕಟ್ಟಡಗಳ ಪಟ್ಟಿಯಿಂದ ತೆಗೀತಾರಮ್ಮ. ನೀವೇ ಮುಚ್ಚಿಬಿಡಿ" ಎಂದ.

"ಮುಚ್ಚದಿದ್ರೆ?"

"ನೆರವು ನಿಲ್ಲುತ್ತೆ. ನೀವು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಚರ್ಚು ಉಳಿಯಲ್ಲ."

ಆಕೆ ಚರ್ಚಿನೊಳಗೆ ಹೋಗಿ ಮಾವ ಕೂರಿಸಿದ ತೊಲೆಯ ಕೆಳಗೆ ಬಹಳ ಹೊತ್ತು ನಿಂತಳು. ಮನಸ್ಸಿನಲ್ಲೇ ಮಾವನಿಗೆ ಹಿಡಿಶಾಪ ಹಾಕಿದಳು. ಆಮೇಲೆ ಬಂದು, ಕೊಯ್ದ ಹಲಗೆಗಳನ್ನು ಮಂಚದಡಿಯಿಂದ ಎಳೆದು ಒಂದೊಂದಾಗಿ ಕಚ್ಚಿಸಿದಳು. ಅಧಿಕಾರಿ ಬೆರಳಾಡಿಸಿ, "ಎಲ್ಲಿ ಕೊಯ್ದಿದ್ರಿ ಅಂತಾನೇ ಗೊತ್ತಾಗಲ್ಲ!" ಎಂದು ಫೋಟೋ ತೆಗೆದುಕೊಂಡ.

ಸಂಜೆ ಅಕ್ಕನಿಗೆ ಫೋನ್ ಮಾಡಿ, ಬರುವುದಿಲ್ಲ ಎಂದಳು.

"ಹೋಗ್ಲಿ ಬಿಡು, ಮುಂದಿನ ವರ್ಷ ಬಾ."

"ಇನ್ನೂ ಆರು ತೊಲೆ ಬದಲಾಯಿಸ್ಬೇಕು ಕಣಕ್ಕ. ಒಂದಕ್ಕೆ ಎರಡು ವರ್ಷ ಹಿಡಿಯುತ್ತೆ."

ಅಕ್ಕ ತನ್ನ ಮೊಣಕಾಲು ನೋವಿನ ವಿಷಯ ಎತ್ತಿದಳು.