ತೋಳನ ಬಳಿ ಉಳಿದ ಮೊಲ

ಈ ಪ್ರಸಂಗವನ್ನು ಹೇಳಿದವಳು ಹೊಲಿಗೆ ಅಂಗಡಿಯ ಮನೆಯ ಹಿರಿಯ ಸೊಸೆ. ತನ್ನ ತಪ್ಪನ್ನು ಅವಳು ಎಲ್ಲಿಯೂ ಮುಚ್ಚಿಡಲಿಲ್ಲ; ಹೇಳಿದ ಕ್ರಮದಲ್ಲಿಯೇ ಬರೆದಿದ್ದೇನೆ.

ಅತ್ತೆ ತೀರಿಕೊಂಡ ವರ್ಷ ಇಬ್ಬರು ಸೊಸೆಯರೂ ಸೇರಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಒಂದು ಕೌದಿ ಹೊಲಿದುಕೊಡಲು ನಿಶ್ಚಯಿಸಿದರು. ಅದರ ಮೇಲೆ ಅತ್ತೆ ಹೇಳುತ್ತಿದ್ದ ಕಥೆಯೇ ಬರಬೇಕು. ತೋಳವೊಂದು ಜ್ವರದಿಂದ ನಡುಗುತ್ತಿರುತ್ತದೆ. ಹೊದಿಸಲೆಂದು ಕುರಿ ಉಣ್ಣೆಯನ್ನೂ, ಹಕ್ಕಿ ಪುಕ್ಕವನ್ನೂ, ಅಳಿಲು ಒಣಗಿದ ಎಲೆಯನ್ನೂ ತರುತ್ತವೆ. ಕೊಡಲು ಏನೂ ಇಲ್ಲದ ಮೊಲ ಮಾತ್ರ ಬಾಗಿಲಲ್ಲಿ ನಿಂತು ನೋಡಿ ಮನೆಗೆ ಹೋಗುತ್ತದೆ. ಹಿರಿಯವಳು ಹದಿನೆಂಟು ವರ್ಷ ಕೇಳಿದ್ದು ಹೀಗೆಯೇ.

ಬಟ್ಟೆ ಕತ್ತರಿಸಿ, ಅಂಚು ಮಡಚಿ, ಪದರಗಳನ್ನು ಜೋಡಿಸುವ ಕೆಲಸ ಅವಳದು. ಸೀಮೆಸುಣ್ಣದಿಂದ ಚಿತ್ರ ಬರೆದು ತೇಪೆ ಹೊಲಿಯುವುದು ಕಿರಿಯವಳದು. ಆಕೆ ಮನೆಗೆ ಬಂದು ನಾಲ್ಕೇ ವರ್ಷ. ನೋಡಿದವರ ಕಣ್ಣೆಲ್ಲ ತೇಪೆಗಳ ಮೇಲೆಯೇ.

"ಏನಮ್ಮಾ, ತೋಳ ಎದ್ದು ಬರೋ ಹಾಗಿದೆ!" ಎಂದ ಎದುರಿನ ಗಡಿಯಾರ ರಿಪೇರಿಯವನು. "ನಿಮ್ಮ ವಾರಗಿತ್ತಿ ಕೈಯಲ್ಲಿ ಏನೋ ಜಾದೂ ಇದೆ ಬಿಡಿ."

"ಜಾದೂ ಅವಳ ಕೈಯಲ್ಲಿ, ಕತ್ತರಿ ಹಿಡಿದ ಗುಳ್ಳೆ ನನ್ನ ಕೈಯಲ್ಲಿ," ಎಂದಳು ಹಿರಿಯವಳು.

ಅಷ್ಟನ್ನು ಹೇಗೋ ನುಂಗಿಕೊಂಡಳು. ಆದರೆ ಕೊನೆಯ ಚೌಕದಲ್ಲಿ ಕಿರಿಯವಳು ಮೊಲವನ್ನು ತೋಳನ ಹೊಟ್ಟೆಗೆ ಆನಿಸಿ ಮಲಗಿಸಿದ್ದಳು.

"ಇದೇನೇ ಇದು? ಮೊಲ ಮನೆಗೆ ಹೋಗುತ್ತಲ್ಲ?"

"ಇಲ್ಲಕ್ಕ, ಉಳಿಯುತ್ತೆ. ತನ್ನ ಮೈ ಬಿಸೀನೇ ಕೊಡುತ್ತೆ. ಅತ್ತೆ ಕೋಣೇಲಿ ದಿನಾ ಹೀಗೇ ಮುಗೀತಿತ್ತು."

ಹಿರಿಯವಳ ಹೊಟ್ಟೆಗೆ ಬೆಂಕಿ ಬಿದ್ದಿತು. ಅತ್ತೆ ಹಾಸಿಗೆ ಹಿಡಿದ ಮೇಲೆ ತಾನು ಅಂಗಡಿಯಲ್ಲಿ ಯಂತ್ರ ತುಳಿಯುತ್ತಿದ್ದಾಗ, ಒಳಗೆ ಪಕ್ಕದಲ್ಲಿ ಕುಳಿತವಳಿಗೆ ಸಿಕ್ಕ ಕಥೆಯ ಕೊನೆಯಿದು. ತನಗೆ ಕೊಡದೆ ಬಚ್ಚಿಟ್ಟದ್ದನ್ನು ಅತ್ತೆ ನಿನ್ನೆ ಮೊನ್ನೆ ಬಂದವಳ ಮಡಿಲಿಗೆ ಹಾಕಿ ಹೋಗಿದ್ದರು!

ಮರುದಿನ ಮಧ್ಯಾಹ್ನ ಕಿರಿಯವಳು ದಾರ ತರಲು ಹೋದಾಗ, ಹಿರಿಯವಳು ಮೊಲದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಪಳಗಿದ ಕೈ, ಒಂದು ಎಳೆಯೂ ಹರಿಯಲಿಲ್ಲ. ಆದರೆ ಕೆಳಗಿನದು ಒತ್ತಾದ ನೇಯ್ಗೆಯ ಕಡುನೀಲಿ ಬಟ್ಟೆ. ಸೂಜಿ ಹಾಯ್ದ ತೂತು ಅದರಲ್ಲಿ ಕೂಡಿಕೊಳ್ಳುವುದಿಲ್ಲ. ತೇಪೆ ಹೋದ ಜಾಗದಲ್ಲಿ ಚುಕ್ಕೆಚುಕ್ಕೆಯಾಗಿ ಮೊಲವೇ ಉಳಿದಿತ್ತು. ಉಗುರಿನಿಂದ ಉಜ್ಜಿದಳು. ನೀರು ಚಿಮುಕಿಸಿ ಇಸ್ತ್ರಿ ಒತ್ತಿದಳು. ಒತ್ತಿದಷ್ಟೂ ಕಿವಿಗಳು ಎದ್ದು ಕಂಡವು.

ಕಿರಿಯವಳು ಒಳಗೆ ಬಂದಾಗ ಇಸ್ತ್ರಿ ಇನ್ನೂ ಹಿರಿಯವಳ ಕೈಯಲ್ಲಿತ್ತು.

"ಹೇಳಿದ್ರೆ ನಾನೇ ಬಿಚ್ಚಿಕೊಡ್ತಿದ್ನಲ್ಲಕ್ಕ."

"ನಿನಗೊಬ್ಬಳಿಗೇ ಹೇಳಿ ಹೋದ್ರಲ್ಲ, ಅದನ್ನ ಬಿಚ್ಚೋಕಾಗುತ್ತಾ? ನಾನೇನು ಕಡಿಮೆ ಮಾಡಿದ್ದೆ ಅವರಿಗೆ?"

"ಅವರು ಹೇಳ್ಲೇ ಇಲ್ಲಕ್ಕ. ಕೊನೆಕೊನೆಗೆ ಅವರ ಕಥೆ ಬಾಗಿಲ ತನಕ ಬಂದು ನಿಂತುಬಿಡ್ತಿತ್ತು. 'ಮೊಲ ಎಲ್ಲಿ ಹೋಯ್ತೇ' ಅಂತ ನನ್ನನ್ನೇ ಕೇಳೋರು. ಮನೆಗೆ ಹೋಯ್ತು ಅಂದ್ರೆ ಅಳೋರು. ಅದಕ್ಕೇ, ಹೋಗಿಲ್ಲ ಅತ್ತೆ, ಇಲ್ಲೇ ಇದೆ ಅಂತಿದ್ದೆ."

ಬಚ್ಚಿಟ್ಟದ್ದೇನೂ ಇರಲಿಲ್ಲವೆಂದು ಹಿರಿಯವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಳುವ ಅತ್ತೆಯನ್ನು ಸುಮ್ಮನಾಗಿಸಿದ ಮಾತು ತನ್ನ ಬಾಯಿಂದ ಬಂದದ್ದಲ್ಲವೆಂಬ ಹೊಸ ಉರಿ ಹಳೆಯ ಉರಿಯ ಜಾಗದಲ್ಲಿ ಬಂದು ಕುಳಿತಿತು.

"ದಾರ ತಂದ್ಯಾ? ಕೊಡು ಇಲ್ಲಿ."

ಅವೇ ಚುಕ್ಕೆಗಳ ಮೇಲೆ ಮೊಲವನ್ನಿಟ್ಟು, ತೂತಿನಿಂದ ತೂತಿಗೆ ಸೂಜಿ ಹಾಯಿಸತೊಡಗಿದಳು. ಕಿರಿಯವಳು ಅಂಚು ಹಿಡಿಯಲು ಬಂದರೆ ಮೊಣಕೈಯಿಂದ ತಳ್ಳಿದಳು.

"ಮುಟ್ಟಬೇಡ ಕಣೇ. ಇದೊಂದು ನಂದು."

ಆಸ್ಪತ್ರೆಯಲ್ಲಿ ನರ್ಸಮ್ಮ ಕೌದಿಯನ್ನು ಮೇಜಿನ ಮೇಲೆ ಹರಡಿ, ಕೊನೆಯ ಚೌಕವನ್ನು ಸವರಿದರು. "ಮಕ್ಕಳು ಮೊದಲು ಇದನ್ನೇ ಮುಟ್ತಾವೆ ನೋಡಿ. ಈ ಮೊಲ ಹೊಲಿದವರು ಯಾರು?"

ಕಿರಿಯವಳು ಬಾಯಿ ತೆರೆಯುವ ಮೊದಲೇ ಹಿರಿಯವಳು, "ನಾನು," ಎಂದಳು.

ಕಿರಿಯವಳು ಅಲ್ಲವೆನ್ನಲಿಲ್ಲ. ಆ ಸುಮ್ಮನಿರುವಿಕೆಯೂ ತನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆಂದು ಮನೆಯವರೆಗೂ ಕುದಿಯುತ್ತ ನಡೆದೆ ಎಂದು ಹಿರಿಯವಳು ಹೇಳಿದಳು.