ಅತ್ತೆಯ ಗಾಳಕ್ಕೆ ಅಳಿಯ ಕಟ್ಟಿದ ಹುಳು

ಸಿಗರೇಟು ಬಿಟ್ಟ ಮೇಲೆ ದರ್ಜಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಅಂಗಡಿಯಲ್ಲಿದ್ದಷ್ಟು ಹೊತ್ತು ಕತ್ತರಿ, ಬಟ್ಟೆ, ಗಿರಾಕಿಗಳ ಕಿರಿಕಿರಿಯಲ್ಲಿ ಹೇಗೋ ಕಳೆಯುತ್ತಿತ್ತು. ಮನೆಗೆ ಬಂದನೆಂದರೆ ಮೈಮೇಲೆ ಇರುವೆ ಬಿಟ್ಟಂಥ ಒದ್ದಾಟ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ಫ್ರಿಜ್ಜಿನ ಬಾಗಿಲು ತೆರೆದು ಏನೂ ತೆಗೆದುಕೊಳ್ಳದೆ ಮುಚ್ಚುವುದು. ನೆಟ್ಟಗಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡುವುದು. ಡಾಕ್ಟರು ಅವನ ಎದೆಯ ಬಗ್ಗೆ ಹೇಳಿದ್ದನ್ನೆಲ್ಲ ಹೆಂಡತಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳು. ಹಾಗಾಗಿ ನುಣುಚಿಕೊಳ್ಳುವಂತೆಯೂ ಇರಲಿಲ್ಲ.

ಜೊತೆಗಿದ್ದ ಅತ್ತೆಗೆ ಮೀನು ಹಿಡಿಯುವ ಹುಚ್ಚು. ಎರೆಹುಳು ಸಿಕ್ಕಿಸಿ ತೂಕಡಿಸುವ ಬಾಬತ್ತಲ್ಲ ಅದು. ರೆಕ್ಕೆ ಮೂಡುವ ಮೊದಲು ಹೊಳೆಯ ತಳದ ಕಲ್ಲಿಗಂಟಿ ಬದುಕುವ ಹುಳುಗಳಿವೆಯಲ್ಲ, ಅವುಗಳಂತೆಯೇ ಕಾಣುವ ಹಾಗೆ ಕೊಕ್ಕೆಯ ಮೇಲೆ ದಾರ, ಗರಿ, ಮೊಲದ ತುಪ್ಪಟ ಸುತ್ತಿ, ಮುಳುಗಲೆಂದು ತಲೆಗೊಂದು ಹಿತ್ತಾಳೆ ಮಣಿ ಕೂರಿಸುವ ವಿದ್ಯೆ. ಈ ವರ್ಷ ಆಕೆಯ ಕಣ್ಣು ಮಂಜಾಗಿತ್ತು, ಹುಳುಗಳ ಡಬ್ಬಿ ಬರಿದಾಗಿತ್ತು. ಭಾನುವಾರ ಹೊಳೆಗಿಳಿಯಲೇಬೇಕೆಂದು ಆಕೆಯ ಹಟ.

"ಅಳಿಯಂದಿರೇ, ಮನೆ ಸುತ್ತಿದ್ದು ಸಾಕು," ಎಂದರು ಅತ್ತೆ. "ಇಲ್ಲಿ ಕೂತು ಈ ದಾರ ಸುತ್ತಿ."

ಅವನು ಕೂತ. ಮೇಜಿನಂಚಿಗೆ ಬಿಗಿದ ಪುಟ್ಟ ಇಕ್ಕುಳದಲ್ಲಿ ಕೊಕ್ಕೆ ಸಿಕ್ಕಿಸಿದ. ದಾರದ ಎಳೆ ಒಂದರ ಮೇಲೊಂದು ಏರದಂತೆ, ತಾಮ್ರದ ತಂತಿಯ ಉಂಗುರಗಳು ಅಳತೆ ತಪ್ಪದಂತೆ ಸುತ್ತಿ, ಹುಬ್ಬೇರಿಸಿಕೊಂಡು ಅತ್ತೆಯ ಅಂಗೈಗಿಟ್ಟ. ಆಕೆ ಭೂತಗನ್ನಡಿ ಹಿಡಿದು ನೋಡಿದರು.

"ಮದುವೆ ಗಂಡಿನ ಥರ ಇದೆ."

"ಮತ್ತೇನಂದ್ಕೊಂಡ್ರಿ!"

"ನೀರಿನಡಿ ಯಾರ ಮದುವೇನೂ ಇಲ್ವಲ್ಲ, ಅಳಿಯಂದಿರೇ." ಹಾಗೆಂದವರೇ ಸೂಜಿ ತೆಗೆದು ಹುಳುವಿನ ಪಕ್ಕೆಯಿಂದ ತುಪ್ಪಟವನ್ನು ಪರಪರ ಕೆದಕಿದರು.

ತಾನು ಹೊಲಿದ ಕೋಟಿನ ಕಾಲರನ್ನು ಯಾರೋ ಹರಿದಂತಾಯಿತು ಅವನಿಗೆ. "ಅಯ್ಯೋ, ಏನ್ ಮಾಡ್ತಿದ್ದೀರಿ?"

"ಈ ಕೂದಲು ನೀರಲ್ಲಿ ಅಲ್ಲಾಡ್ಬೇಕು. ಇಲ್ದಿದ್ರೆ ಯಾವ ಮೀನು ಮೂಸುತ್ತೆ ಇದನ್ನ?"

ಅವನು ಮುಖ ಗಂಟುಹಾಕಿಕೊಂಡು ಎದ್ದುಹೋದ. ಬಾಲ್ಕನಿಯ ತನಕ ಹೋಗಿ, ಅಲ್ಲಿ ಮಾಡಲು ಏನೂ ಇಲ್ಲದ್ದರಿಂದ ಮತ್ತೆ ಬಂದು ಕೂತ.

ಭಾನುವಾರ ಹೆಂಡತಿಗೆ ಬಸ್ಸಿನ ಡ್ಯೂಟಿ. ಅವಳು ಸ್ಟೀರಿಂಗ್ ಹಿಡಿದು ಊರು ಸುತ್ತುತ್ತಿದ್ದರೆ ಇವನು ಅತ್ತೆಯ ಕೈಹಿಡಿದು ಹೊಳೆಗಿಳಿಸಿದ. ಆಕೆ ಮೊಣಕಾಲುದ್ದ ನೀರಲ್ಲಿ ನಿಂತು ಒಂದು ಕಲ್ಲನ್ನು ಮಗುಚಿ ಎತ್ತಿದರು. ಕೆಸರು ಬಣ್ಣದ ಹುಳುವೊಂದು ಅದರ ಮೇಲೆ ತೆವಳುತ್ತಿತ್ತು. ಪಕ್ಕೆಯುದ್ದಕ್ಕೂ ಕೂದಲಿನಂಥ ಕಿವಿರು ಅದುರುತ್ತಿತ್ತು.

"ಥೂ, ಇಷ್ಟು ಕೊಳಕಾ!" ಎಂದ. ಆದರೂ ಬಗ್ಗಿ ಮತ್ತೊಮ್ಮೆ ನೋಡಿದ.

ಗಾಳದ ದಾರಕ್ಕೆ ಹಳದಿ ಉಣ್ಣೆಯ ಚೂರೊಂದನ್ನು ಕಟ್ಟಿದ್ದರು. ಅದು ತೇಲುತ್ತ ಹೋಗಿ ತಟ್ಟನೆ ನಿಂತರೆ ಅಡಿಯಲ್ಲಿ ಮೀನು ಬಾಯಿ ಹಾಕಿದೆ ಎಂದರ್ಥ. ಅತ್ತೆಗೆ ಅದು ಕಾಣದು; ನೋಡಿ ಕೂಗುವುದು ಅಳಿಯನ ಕೆಲಸ. ನಿಂತಲ್ಲಿ ನಿಲ್ಲಲಾರದವನಿಗೆ ಎಂಥ ಕೆಲಸ! ಉಣ್ಣೆ ಸ್ವಲ್ಪ ಕೊಂಕಿದರೂ "ಈಗ!" ಎಂದ. ಅತ್ತೆ ಎಳೆದರು, ಬರೀ ನೀರು. "ಈಗ, ಈಗ!" ಪಾಚಿ ಬಂತು.

"ನಿಮ್ಮನ್ನ ನಂಬಿದ್ರೆ ನನ್ನ ತೋಳು ಕಳಚಿ ಬೀಳುತ್ತೆ!"

"ಹಾಗಾದ್ರೆ ನೀವೇ ನೋಡ್ಕೊಳ್ಳಿ!" ಎಂದು ಅವನು ದಡ ಹತ್ತಿ ಸೇತುವೆಯತ್ತ ನಡೆದುಬಿಟ್ಟ.

ಸೇತುವೆಯ ಕಟಾಂಜನಕ್ಕೆ ಒರಗಿ ಲಾರಿ ಡ್ರೈವರೊಬ್ಬ ಸಿಗರೇಟು ಸೇದುತ್ತಿದ್ದ. ಇವನ ಕಣ್ಣು ಹೋದ ಕಡೆ ನೋಡಿ, ಕೇಳದೆಯೇ ಒಂದನ್ನು ಚಾಚಿದ. ದರ್ಜಿ ಬೇಡವೆನ್ನಲಿಲ್ಲ. ಎರಡು ದಮ್ಮು ಎಳೆದ. ತಲೆ ಗಿರ್ರೆಂದಿತು.

ಆಗಲೇ ಕೆಳಗೆ ನೋಡಿದ್ದು. ಮೇಲಿನಿಂದ ತಳದ ಕಲ್ಲುಗಳೂ ಕಾಣುತ್ತಿದ್ದವು. ಅತ್ತೆಯ ದಾರ ತೇಲಿಬರುವ ಜಾಗದಲ್ಲೇ ಕಪ್ಪನೆಯ ಮೀನೊಂದು ಅತ್ತ ಇತ್ತ ವಾಲುತ್ತಿತ್ತು. ಅದರ ಬಾಯಿ ತೆರೆದು ಒಳಗಿನ ಬಿಳುಪು ಮಿಂಚಿತು. ಉಣ್ಣೆಯ ಚೂರು ಮಾತ್ರ ಏನೂ ಆಗದಂತೆ ತೇಲುತ್ತಿತ್ತು.

"ಅತ್ತೇ, ಈಗ!"

ಆಕೆ ಗಾಳದ ಕೋಲು ಎತ್ತಲಿಲ್ಲ. ಆಗಲೇ ಎರಡು ಸಲ ಬೇಸ್ತುಬಿದ್ದವರು ಯಾಕೆ ಎತ್ತುತ್ತಾರೆ? ಮೀನು ಹುಳುವನ್ನು ಉಗುಳಿತು.

"ದಮ್ಮಯ್ಯ ಅತ್ತೆ, ಇನ್ನೊಂದ್ಸಲ ಹಾಕಿ, ಅಲ್ಲೇ! ನನ್ನಾಣೆ, ಕಾಣ್ತಿದೆ ನಂಗೆ!" ಕೂಗಿದ ರಭಸಕ್ಕೆ ಸಿಗರೇಟು ಬೆರಳಿಂದ ಜಾರಿ ಹೊಳೆಗೆ ಬಿತ್ತು. ಅತ್ತೆ ಗೊಣಗುತ್ತಲೇ ಮತ್ತೆ ಬೀಸಿದರು. ಬಿಳುಪು ಮಿಂಚಿತು. "ಈಗ!"

ಕೋಲು ಬಿಲ್ಲಿನಂತೆ ಬಾಗಿತು. ಅವನು ಬೂಟು ಕಳಚದೆ ನೀರಿಗೆ ಓಡಿಬರುವಷ್ಟರಲ್ಲಿ ದಾರ ಪಟ್ಟನೆ ಹರಿದು, ಮೀನು ಹುಳುವಿನ ಸಮೇತ ಕಣ್ಮರೆಯಾಯಿತು. ಅತ್ತೆಗೆ ನಗು ತಡೆಯಲಾಗಲಿಲ್ಲ.

"ನಗ್ತೀರಲ್ಲ! ನಾನು ಕಟ್ಟಿದ್ದು ಅದು!"

"ಅದಕ್ಕೇ ನಗ್ತಿರೋದು. ಹೊಟ್ಟೆ ತುಂಬಿದ ಹಾಗಾಯ್ತು."

ಮರಳುವಾಗ ಅವನೇ ಬಾಯಿಬಿಟ್ಟ. "ಅತ್ತೆ, ಸೇತುವೆ ಮೇಲೆ ಎರಡು ದಮ್ಮು ಎಳೆದೆ."

"ವಾಸನೆ ಬಂತು."

"ಅವಳಿಗೆ ಹೇಳ್ತೀರಾ?"

"ನಾನ್ಯಾಕೆ? ನಿಮಗೆ ಬಾಯಿಲ್ವಾ?"

ಸಂಜೆ ಹೆಂಡತಿ ಯೂನಿಫಾರಂ ಬಿಚ್ಚುವ ಮೊದಲೇ ಹೇಳಿಬಿಟ್ಟ. ಅವಳು ಬ್ಯಾಗನ್ನು ಹೊಸ್ತಿಲಲ್ಲೇ ಇಳಿಸಿದಳು.

"ನಾಳೆ?"

"ನಾಳೇದು ಗೊತ್ತಿಲ್ಲ ಕಣೆ. ಇವತ್ತು ಇನ್ನಿಲ್ಲ."

ಅವಳು ಬೂಟು ಕಳಚಿ, ಹಾದುಹೋಗುವಾಗ ಅವನ ಹೆಗಲನ್ನೊಮ್ಮೆ ಒತ್ತಿದಳು. ಅವನು ಮೇಜಿಗೆ ಬಂದು ಇಕ್ಕುಳಕ್ಕೆ ಕೊಕ್ಕೆ ಸಿಕ್ಕಿಸಿದ. ಮೇಜಿನಡಿ ಅವನ ಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಲೋಟದೊಳಗಿನ ಚಮಚ ಗಲಗಲ ಎನ್ನುತ್ತಿತ್ತು. ಅತ್ತೆ ಎದ್ದು ಚಮಚವನ್ನು ತೆಗೆದಿಟ್ಟರು.